ಕುದುರೆಮುಖ ಕಾಡಿನೊಳಗಿನ ಗದ್ದೆ, ತೋಟ, ಮನೆಗಳು ಇರಬೇಕಾ, ಖಾಲಿ ಆಗಬೇಕಾ?

ಸಂಸೆ_ದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೋದ ಅಕ್ಟೋಬರ್‌ನಲ್ಲಿ ನಾವು ನಾಲ್ಕು ಜನ ಕುದುರೆಮುಖ ಚಾರಣಕ್ಕೆ ಹೋಗಿದ್ದೆವು. ಕಳಸದಿಂದ ಸಂಸೆ, ಅಲ್ಲಿಂದ ಜೀಪಿನಲ್ಲಿ ಮುಳ್ಳೋಡಿ. ನಾನು ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು. ರಾಷ್ಟ್ರೀಯ ಉದ್ಯಾನ ಅಂದರೆ ಬರೀ ಕಾಡು, ಪ್ರಾಣಿ, ಒಂದು ಗೇಟು ಅಂತ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಕಣಿವೆಯ ತಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, ಅದರ ಪಕ್ಕ ಅಡಿಕೆ ತೋಟ, ಅದರ ಮೇಲೆ ಕಾಡು, ಇನ್ನೂ ಮೇಲೆ ಬರೀ ಹುಲ್ಲಿನ ಗುಡ್ಡ. ಎಲ್ಲಿ ಊರು ಮುಗಿಯಿತು, ಎಲ್ಲಿ ಕಾಡು ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ.

ವಾಪಸ್ ಬರುವಾಗ ದಾರಿ ಪಕ್ಕ ಒಂದು ಮನೆ ಸಿಕ್ಕಿತು. ಹಂಚು ಬಿಚ್ಚಿಕೊಂಡು ಹೋಗಿದ್ದರು, ಗೋಡೆ ಮಾತ್ರ ಇತ್ತು. ಒಳಗೆ ಮಣ್ಣಿನ ಒಲೆ ಹಾಗೇ ಇದೆ. ತುಳಸಿಕಟ್ಟೆಯಲ್ಲಿ ತುಳಸಿ ಇಲ್ಲ, ಜರಿಗಿಡ ಬೆಳೆದಿದೆ. ಉದ್ಯಾನ ಬಿಟ್ಟು ಹೋಗುವವರಿಗೆ ಸರ್ಕಾರ ಕೊಡುವ ಪರಿಹಾರ ತಗೊಂಡು ಕೆಳಗೆ ಹೋದರು ಅಂತ ಜೀಪಿನ ಅಣ್ಣ ಹೇಳಿದರು. ಆ ಒಲೆ ಇನ್ನೂ ಕಣ್ಣ ಮುಂದೆ ಬರುತ್ತದೆ.

ಈ ಊರುಗಳು ಉದ್ಯಾನಕ್ಕಿಂತ ಮೊದಲೇ ಇದ್ದವಲ್ವಾ? ಹಾಗಿದ್ದರೆ ಅವರು ಯಾಕೆ ಹೋಗಬೇಕು? ಕಾಡು ಉಳಿಯಬೇಕು ಅನ್ನುವುದು ನನಗೂ ಮುಖ್ಯ, ಆದರೆ ಆ ಗದ್ದೆಗಳೂ ಉಳಿಯಬೇಕು ಅನ್ನಿಸುತ್ತಿದೆ. ಅಲ್ಲಿಯವರು, ತಿಳಿದವರು ದಯವಿಟ್ಟು ಬರೆಯಿರಿ.

---

ಅಬ್ಬಿನೀರು

ನನ್ನ ತವರುಮನೆ ಕಳಸದ ಕಡೆ, ಉದ್ಯಾನದ ಗಡಿಯೊಳಗೇ ಇದೆ. ಹೌದು, ಊರುಗಳು ಮೊದಲೇ ಇದ್ದವು. ಉದ್ಯಾನ ಅಂತ ಘೋಷಣೆ ಆಗಿದ್ದು 1987ರಲ್ಲಿ. ಸುಮಾರು 600 ಚದರ ಕಿಲೋಮೀಟರ್, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆ ಸೇರುತ್ತವೆ. ನಮ್ಮ ಅಜ್ಜನ ಕಾಲದ ಗದ್ದೆ, ಒಂದು ದಿನ ಬೆಳಗಾಗುವಷ್ಟರಲ್ಲಿ ನಕ್ಷೆಯ ಗೆರೆಯೊಳಗೆ ಬಂದುಬಿಟ್ಟಿತು.

ನೀವು ನೋಡಿದ್ದು ಸರಿಯಾಗಿದೆ, ಅಲ್ಲಿ ಊರು ಬೇರೆ ಕಾಡು ಬೇರೆ ಅಲ್ಲ. ಗುಡ್ಡದ ನೆತ್ತಿಯ ಹುಲ್ಲು ಮಳೆನೀರು ಕುಡಿಯುತ್ತದೆ, ಕೊಳ್ಳದಲ್ಲಿರುವ ಶೋಲಾ ಕಾಡು ಅದನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲೂ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಆ ಅಬ್ಬಿ ನೀರೇ ನಮ್ಮ ತೋಟಕ್ಕೆ, ಗದ್ದೆಗೆ, ಬಚ್ಚಲಿಗೆ. ಮೊದಲು ಅಡಿಕೆ ದಬ್ಬೆಯಲ್ಲಿ ಹರಿಸುತ್ತಿದ್ದರು, ಈಗ ಕಪ್ಪು ಪೈಪು. ನಮ್ಮ ಮನೆಗೆ ಕರೆಂಟಿನ ತಂತಿ ಬಂದಿಲ್ಲ, ಅದೇ ಹಳ್ಳದ ನೀರು ಒಂದು ಸಣ್ಣ ಟರ್ಬೈನ್ ತಿರುಗಿಸುತ್ತದೆ, ಅದರಿಂದ ದೀಪ ಉರಿಯುತ್ತದೆ. ಮೇಲಿನ ಕಾಡು ಒಣಗಿದರೆ ಮನೆಯಲ್ಲಿ ಕತ್ತಲೆ. ಹಾಗಾಗಿ ಕಾಡು ಯಾಕೆ ಬೇಕು ಅಂತ ನಮ್ಮ ಅಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೊಪ್ಪು, ದರಗು (ಒಣಗಿದ ಎಲೆ) ಕೂಡ ಹಾಗೇ. ತೋಟದ ಮೇಲಿನ ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಕುವುದು, ಅದು ಗೊಬ್ಬರ ಆಗಿ ಅಡಿಕೆ ಬುಡಕ್ಕೆ ಹೋಗುವುದು. ಇದು ಕದ್ದು ಮುಚ್ಚಿ ಮಾಡುತ್ತಿದ್ದ ಕೆಲಸ ಅಲ್ಲ. 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್‌ನಲ್ಲೇ ಹಳೇ ಮೈಸೂರು ಕಡೆಯ ಕಾನು, ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಹೀಗೆ ರೈತರು ಹಿಂದಿನಿಂದ ಬಳಸುತ್ತಿದ್ದ ಜಾಗಗಳ ಹೆಸರಿದೆ. ಬೆಟ್ಟ ಬೋಳಾದರೆ ತೋಟಕ್ಕೆ ಗೊಬ್ಬರ ಇಲ್ಲ ಅಂತ ಗೊತ್ತಿದ್ದ ಮನೆಯವರು ಕೊಂಬೆ ಸವರುತ್ತಿದ್ದರು, ಮರ ಕಡಿಯುತ್ತಿರಲಿಲ್ಲ. ಎಲ್ಲರೂ ಹಾಗೇ ಇದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಜಾಸ್ತಿ ಜನ ಹಾಗೇ ಇದ್ದರು.

ನಮ್ಮ ಪಕ್ಕದ ಮನೆಯವರು ಬಿಟ್ಟು ಹೋಗಿ ಏಳು ವರ್ಷ ಆಯಿತು. ಅವರ ಗದ್ದೆ ಕಾಡಾಗಲಿಲ್ಲ. ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ತುಂಬಿಕೊಂಡಿದೆ, ಒಳಗೆ ಕಾಲಿಡಲು ಆಗುವುದಿಲ್ಲ. ಮೊದಲು ಅದೇ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಕಾಟಿಗಳು (ಕಾಡುಕೋಣ) ಮೇಯಲು ಬರುತ್ತಿದ್ದವು, ನಾವು ಜಗಲಿಯಲ್ಲಿ ಕೂತು ನೋಡುತ್ತಿದ್ದೆವು.

---

ಸಿಂಗಳೀಕ

ಅಬ್ಬಿನೀರು ಅವರು ಬರೆದದ್ದು ಓದಿ ಖುಷಿಯಾಯಿತು, ಆದರೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು. ನಾನು ವನ್ಯಜೀವಿ ಗಣತಿಗೆ ಸ್ವಯಂಸೇವಕನಾಗಿ ಆ ಕಾಡಿಗೆ ಹಲವು ಸಲ ಹೋಗಿದ್ದೇನೆ.

ಈ ಉದ್ಯಾನ ಹುಟ್ಟಿದ್ದರ ಹಿಂದೆ ಸಿಂಗಳೀಕ, ಅಂದರೆ ಸಿಂಹದಂಥ ಬಾಲದ ಕಪ್ಪು ಕೋತಿ, ಇದೆ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿದಾಗ ಇಲ್ಲಿಯ ಕಾಡು ಅವಕ್ಕೆ ಎಷ್ಟು ಮುಖ್ಯ ಅಂತ ಎದ್ದು ಕಂಡಿತು. ಸಿಂಗಳೀಕ ನೆಲಕ್ಕೆ ಇಳಿಯುವುದು ತೀರಾ ಕಡಿಮೆ, ಮರದ ತುದಿಯಿಂದ ತುದಿಗೇ ಹೋಗುವ ಪ್ರಾಣಿ. ನಡುವೆ ಒಂದು ಅಗಲ ರಸ್ತೆ, ಒಂದು ಹೊಸ ತೋಟ ಬಂದರೂ ಗುಂಪು ಆಚೆ ಒಂದು ಈಚೆ ಒಂದು ಆಗಿಬಿಡುತ್ತದೆ. ಹಳೇ ಮನೆ ಇದ್ದಷ್ಟೇ ಇದ್ದರೆ ಸರಿ. ಆದರೆ ಎರಡು ಎಕರೆ ತೋಟ ಮುಂದಿನ ತಲೆಮಾರಿಗೆ ನಾಲ್ಕು ಎಕರೆ ಆಗುವುದನ್ನು, ಹೋಮ್‌ಸ್ಟೇಗಾಗಿ ಗುಡ್ಡ ಕಡಿಯುವುದನ್ನು ನಾನೇ ನೋಡಿದ್ದೇನೆ.

ಹಾಗಂತ ಕುದುರೆಮುಖಕ್ಕೆ ದೊಡ್ಡ ಪೆಟ್ಟು ಕೊಟ್ಟಿದ್ದು ಗದ್ದೆಯವರಲ್ಲ, ಕಬ್ಬಿಣದ ಅದಿರಿನ ಗಣಿ. ಅದಕ್ಕಾಗಿ 1976ರಲ್ಲಿ ಕಂಪನಿ ಶುರುವಾಯಿತು. ಗುಡ್ಡ ಅಗೆದು, ಅದಿರನ್ನು ನೀರಲ್ಲಿ ಕಲಸಿ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರಿಗೆ ಲಕ್ಯಾ ಅಣೆಕಟ್ಟು. ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಭದ್ರೆಗೆ ಸೇರುತ್ತಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಹಾಗಾಗಿ ಅದು ಬರೀ ಕಾಡಿನ ಗೆಲುವಲ್ಲ, ಕೆಳಗಿನ ಬಯಲಲ್ಲಿ ನೀರು ಕುಡಿಯುವವರೆಲ್ಲರ ಗೆಲುವು.

ಪುನರ್ವಸತಿ ಅಂದರೆ ಯಾವಾಗಲೂ ಅನ್ಯಾಯ ಅಂತಲೂ ಅಂದುಕೊಳ್ಳಬೇಡಿ. ಭದ್ರಾ ಅಭಯಾರಣ್ಯದಿಂದ 2001-02ರ ಹೊತ್ತಿಗೆ 400ಕ್ಕೂ ಹೆಚ್ಚು ಕುಟುಂಬ ಹೊರಗೆ ಬಂದವು. ಅವರಿಗೆ ಬೇರೆ ಕಡೆ ಜಮೀನು ಕೊಟ್ಟರು. ಅದು ಬಹಳ ಮಟ್ಟಿಗೆ ಸರಿಹೋಯಿತು.

---

ಮಲೆಯ ಮಗ

ನಾನು ಮಲೆಕುಡಿಯ, ಇಲ್ಲಿಯ ಬೆಟ್ಟದ ಬುಡಕಟ್ಟಿನವನು. ಬೆಳ್ತಂಗಡಿ ಕಡೆಯ ಬೆಟ್ಟದ ಬುಡದಲ್ಲಿ ನಮ್ಮ ಮನೆ. ಮನೆಮಾತು ತುಳು. ಇಲ್ಲಿ ಎಲ್ಲರೂ ಕಾಡು, ಗದ್ದೆ, ಪ್ರಾಣಿ ಬಗ್ಗೆ ಬರೆದಿದ್ದೀರಿ. ನಾನು ಬೇರೆ ಒಂದು ಹೇಳುತ್ತೇನೆ.

ನನ್ನ ಅಪ್ಪನಿಗೆ ಎದೆನೋವು ಬಂದಾಗ ಜೋರು ಮಳೆ. ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿ, ಅದರಲ್ಲಿ ಕೂರಿಸಿ, ನಾಲ್ಕು ಜನ ಹೊತ್ತುಕೊಂಡು ನಡೆದೆವು. ಹಳ್ಳಕ್ಕೆ ಸಂಕ ಹಾಕಿದ್ದು ಅಡಿಕೆ ಮರದ್ದು, ಜಾರುತ್ತದೆ, ಒಬ್ಬೊಬ್ಬರೇ ದಾಟಬೇಕು. ಕುರ್ಚಿ ಹೊತ್ತವರು ಒಬ್ಬೊಬ್ಬರೇ ದಾಟುವುದು ಹೇಗೆ? ನೀರಿಗೇ ಇಳಿದೆವು, ಸೊಂಟದವರೆಗೆ ಬಂತು. ಅಪ್ಪ ಬದುಕಿದರು. ಸೇತುವೆ ಕೇಳಿಕೊಂಡು ಕಚೇರಿಗೆ ಹೋದರೆ ಉದ್ಯಾನದೊಳಗೆ ಆಗುವುದಿಲ್ಲ ಅಂದರು. ಮತ್ತೊಂದು ಕಚೇರಿಗೆ ಹೋದರೆ ಅಲ್ಲಿಂದ ಒಪ್ಪಿಗೆ ತನ್ನಿ ಅಂದರು.

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ನಮ್ಮಂಥವರಿಗೆ ಹಕ್ಕಿದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಾಗದಲ್ಲಿ ಬದುಕುತ್ತಿರುವ ಬುಡಕಟ್ಟಿನವರಿಗೆ, ಸಾಗುವಳಿ ಎಷ್ಟಿದೆಯೋ ಅಷ್ಟು, ಹೆಚ್ಚೆಂದರೆ ನಾಲ್ಕು ಹೆಕ್ಟೇರ್. ರಾಷ್ಟ್ರೀಯ ಉದ್ಯಾನದೊಳಗೂ ಅದು ನಡೆಯುತ್ತದೆ. ಮುಖ್ಯ ಏನೆಂದರೆ ಆ ಹಕ್ಕು ತೀರ್ಮಾನ ಆಗದೆ ಎಬ್ಬಿಸುವ ಹಾಗಿಲ್ಲ, ಪುನರ್ವಸತಿಗೆ ಗ್ರಾಮಸಭೆ ಒಪ್ಪಬೇಕು. ಬಿಟ್ಟು ಹೋದ ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರಲಿಲ್ಲ.

ನನ್ನ ತಮ್ಮ ಪರಿಹಾರ ತಗೊಂಡು ಪೇಟೆ ಹತ್ತಿರ ಹೋದ. ಮಕ್ಕಳು ಶಾಲೆಗೆ ನಡೆದೇ ಹೋಗುತ್ತಾರೆ, ಅವನಿಗೆ ನೆಮ್ಮದಿ ಇದೆ. ನಾನು ಹೋಗುವುದಿಲ್ಲ. ಇಬ್ಬರದೂ ಸರಿ. ಆದರೆ ರಸ್ತೆ ಕೊಡದೆ, ಸಂಕ ಕೊಡದೆ, ಕರೆಂಟ್ ಕೊಡದೆ, ಕಾಯಿಸಿ ಕಾಯಿಸಿ ಕೊನೆಗೆ ಇವರೇ ಒಪ್ಪಿ ಹೊರಟರು ಅನ್ನುವುದು ಒಪ್ಪಿಗೆ ಅಲ್ಲ. ಅಕ್ಕ, ನೀವು ನೋಡಿದ ಆ ಮನೆಯವರು ಖುಷಿಯಿಂದ ಹೋದರೋ ಸಾಕಾಗಿ ಹೋದರೋ, ಅದನ್ನು ಮೊದಲು ಕೇಳಬೇಕು.

---

ಸಿಂಗಳೀಕ

ಮಲೆಯ ಮಗ ಅವರೇ, ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಭದ್ರಾದ ಬಗ್ಗೆ ಬರೆಯುವಾಗ ನಾನು ಈ ಮಾತು ಮೊದಲೇ ಹೇಳಬೇಕಿತ್ತು: ಅಲ್ಲಿ ಜಮೀನಿಗೆ ಜಮೀನು ಸಿಕ್ಕಿದ್ದರಿಂದಲೇ ಜನ ಹೊರಟರು. ಬರೀ ದುಡ್ಡು ಕೈಗಿಟ್ಟರೆ ಅಡಿಕೆ ಬೆಳೆಯುವುದು ಗೊತ್ತಿದ್ದವನು ಪೇಟೆಯಲ್ಲಿ ಏನು ಮಾಡುತ್ತಾನೆ? ಉಳಿಯುವವರಿಗೆ ಕಾಲುಸಂಕ ಹಾಕಿದರೆ ಸಿಂಗಳೀಕಕ್ಕೆ ಏನೂ ತೊಂದರೆ ಇಲ್ಲ. ನನ್ನ ತಕರಾರು ಅಗಲವಾಗುತ್ತಾ ಹೋಗುವ ರಸ್ತೆ ಮತ್ತು ಹೊಸ ಕಟ್ಟಡದ ಮೇಲೆ ಮಾತ್ರ.

---

ಸಂಸೆ_ದಾರಿ

ಇಷ್ಟು ಬಿಡಿಸಿ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮಲೆಯ ಮಗ ಅವರೇ, ಕುರ್ಚಿ ಹೊತ್ತ ವಿಷಯ ಓದಿ ಸುಮ್ನೆ ಕೂತುಬಿಟ್ಟೆ. ನಾನು ಗದ್ದೆಯ ಚೆಂದ ನೋಡಿ ಪ್ರಶ್ನೆ ಕೇಳಿದ್ದೆ, ಆ ಚೆಂದದ ಒಳಗೆ ಇರುವವರ ಕಷ್ಟ ಯೋಚಿಸಿರಲಿಲ್ಲ. ಜೀಪಿನ ಅಣ್ಣನ ನಂಬರ್ ಇದೆ, ಆ ಮನೆಯವರು ಈಗ ಎಲ್ಲಿದ್ದಾರೆ ಅಂತ ಕೇಳುತ್ತೇನೆ. ಅಬ್ಬಿನೀರು ಅಕ್ಕ, ಚಾರಣಕ್ಕಲ್ಲದೆ ಸುಮ್ನೆ ನಿಮ್ಮ ಕಡೆ ಬರಬೇಕು ಅಂದರೆ ಯಾವಾಗ ಬರಲಿ?

---

ಅಬ್ಬಿನೀರು

ಡಿಸೆಂಬರ್‌ನಲ್ಲಿ ಬನ್ನಿ, ಅಡಿಕೆ ಗೊನೆ ಕೊಯ್ಲಿನ ಹೊತ್ತು. ಶನಿವಾರ ಭಾನುವಾರ ಬೇಡ, ಜೀಪುಗಳ ಧೂಳು. ಎರಡು ವರ್ಷದಿಂದ ಎಲೆಚುಕ್ಕಿ ರೋಗ ಬಂದು ನಮ್ಮ ತೋಟದಲ್ಲಿ ಫಸಲು ಅರ್ಧಕ್ಕಿಳಿದಿದೆ, ಆದರೂ ರಾತ್ರಿ ಹತ್ತು ಜನ ಕೂತು ಸುಲಿಯುವಷ್ಟು ಅಡಿಕೆ ಇರುತ್ತದೆ. ಅಮ್ಮ ನಿಮಗೂ ಒಂದು ಮೆಟ್ಟುಗತ್ತಿ ಕೊಡುತ್ತಾರೆ, ಕಲಿಸುತ್ತಾರೆ. ಬೆರಳು ಹುಷಾರು. ಹಳ್ಳದಲ್ಲಿ ನೀರು ಚೆನ್ನಾಗಿದ್ದರೆ ದೀಪ ಹತ್ತು ಗಂಟೆಯ ಮೇಲೂ ಇರುತ್ತದೆ.