‘ದಿ ಸಿಂಪ್ಸನ್ಸ್’ ಸಪ್ಪೆಯಾಗಿದ್ದು ಯಾಕೆ? ಸ್ಕಲ್ಲಿಯೊಬ್ಬರನ್ನೇ ಬೈದರೆ ಸಾಕೇ?

ಹಳೇ ಸೀಸನ್:
ಅಮೆರಿಕದ ಕಾರ್ಟೂನ್ ಸೀರೀಸ್ ಸಿಂಪ್ಸನ್ಸ್ ಒಂಬತ್ತನೇ ಸೀಸನ್ನಿಗೆ ಕೆಟ್ಟಿತು, ಕೆಡಿಸಿದ್ದು ಆಗ ಶೋ ನಡೆಸಲು ಬಂದ ಮೈಕ್ ಸ್ಕಲ್ಲಿ. ಇದು ಎಲ್ಲರ ಬಾಯಲ್ಲೂ ಇರುವ ತೀರ್ಪು. ಸಾಕ್ಷಿಗೆ ಎಳೆದು ತರುವುದು 1997ರ ಸೆಪ್ಟೆಂಬರ್ 28ರಂದು ಪ್ರಸಾರವಾದ ‘ದಿ ಪ್ರಿನ್ಸಿಪಲ್ ಅಂಡ್ ದಿ ಪಾಪರ್’. ಎಂಟು ಸೀಸನ್ ನೋಡಿದ ಪ್ರಿನ್ಸಿಪಾಲ್ ಸ್ಕಿನ್ನರ್ ನಿಜವಾದ ಸ್ಕಿನ್ನರೇ ಅಲ್ಲ, ಆ ಹೆಸರು ಹೊತ್ತು ಬದುಕುತ್ತಿರುವ ಆರ್ಮಿನ್ ಟಮ್ಜೇರಿಯನ್ ಎಂದು ಹೇಳಿ, ಕೊನೆಗೆ ಈ ವಿಷಯ ಇನ್ಯಾರೂ ಎತ್ತಬಾರದು ಅಂತ ಊರಿನ ಜಡ್ಜ್ ಕೈಲಿ ಆಜ್ಞೆ ಮಾಡಿಸಿ ಎಲ್ಲವನ್ನೂ ಅಳಿಸಿಹಾಕಿದ ಎಪಿಸೋಡ್. ಅದು ತಪ್ಪು ಕಥೆ ಅನ್ನೋದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಅದು ಸ್ಕಲ್ಲಿಯವರ ಕೆಲಸವಲ್ಲ. ಕೆನ್ ಕೀಲರ್ ಬರೆದ ಆ ಎಪಿಸೋಡ್ ಎಂಟನೇ ಸೀಸನ್ನಿನ ತಯಾರಿಯಲ್ಲೇ, ಬಿಲ್ ಓಕ್ಲಿ ಮತ್ತು ಜಾಶ್ ವೈನ್‌ಸ್ಟೀನ್ ಉಸ್ತುವಾರಿಯಲ್ಲಿ ಆದದ್ದು. ಪ್ರಸಾರ ಮಾತ್ರ ಮುಂದಿನ ಸೀಸನ್ನಿಗೆ ಬಿತ್ತು.

ನನ್ನ ವಾದ ಇಷ್ಟು: ಸೊರಗಿದ್ದು ನಗೆಯಲ್ಲ, ಕಥೆಯ ಕೊಂಡಿ. ನಾಲ್ಕನೇ ಸೀಸನ್ನಿನ ‘ಲಾಸ್ಟ್ ಎಕ್ಸಿಟ್ ಟು ಸ್ಪ್ರಿಂಗ್‌ಫೀಲ್ಡ್’ ತೆಗೆದುಕೊಳ್ಳಿ (ಮಾರ್ಚ್ 1993). ಯೂನಿಯನ್‌ಗೆ ಒಂದು ಪೀಪಾಯಿ ಬಿಯರ್ ಕೊಟ್ಟು ಅಣುಸ್ಥಾವರದ ಮಾಲೀಕ ಬರ್ನ್ಸ್ ನೌಕರರ ಹಲ್ಲಿನ ವಿಮೆ ಕಿತ್ತುಕೊಳ್ಳುತ್ತಾನೆ. ಅದೇ ಹೊತ್ತಿಗೆ ಅಲ್ಲಿನ ನೌಕರ ಹೋಮರ್ ಸಿಂಪ್ಸನ್‌ನ ಮಗಳು ಲೀಸಾ ಹಲ್ಲಿಗೆ ಬ್ರೇಸಸ್ ಹಾಕಿಸಬೇಕಾಗುತ್ತದೆ. ದುಡ್ಡು ತಾನೇ ಕೊಡಬೇಕು ಅಂತ ಹೋಮರ್ ತಲೆಗೆ ಹೊಳೆಯೋಕೆ ಒಂದಿಷ್ಟು ಸಮಯ ಬೇಕು. ಹೊಳೆದದ್ದೇ ಯೂನಿಯನ್ ಅಧ್ಯಕ್ಷನಾಗುತ್ತಾನೆ. ಅವನ ಪೆದ್ದುತನವನ್ನು ಬರ್ನ್ಸ್ ಜಾಣತನ ಅಂದುಕೊಳ್ಳುತ್ತಾನೆ, ಮುಷ್ಕರ ಶುರುವಾಗುತ್ತದೆ, ಲೀಸಾ ಹಾಡುತ್ತಾಳೆ, ಬರ್ನ್ಸ್ ಊರಿನ ಕರೆಂಟ್ ತೆಗೆಯುತ್ತಾನೆ. ಇದರಲ್ಲಿ ಯಾವ ದೃಶ್ಯ ಎತ್ತಿದರೂ ಮುಂದಿನದು ಬಿದ್ದುಹೋಗುತ್ತದೆ.

ಈಗ 2000ದ ಫೆಬ್ರವರಿಯ ‘ಸ್ಯಾಡಲ್‌ಸೋರ್ ಗ್ಯಾಲಕ್ಟಿಕಾ’. ಶುರುವಾಗೋದು ಶಾಲೆಯ ಬ್ಯಾಂಡ್ ಸ್ಪರ್ಧೆಯಿಂದ. ಅಲ್ಲಿಂದ ಜಾತ್ರೆಯಲ್ಲಿ ಸಿಕ್ಕ ಕುದುರೆ, ಅಲ್ಲಿಂದ ರೇಸು, ಕೊನೆಗೆ ಜಾಕಿಗಳೆಲ್ಲ ನೆಲದಡಿ ಬದುಕುವ ಕುಳ್ಳ ಜೀವಿಗಳು ಅಂತ ಬಯಲಾಗುತ್ತದೆ. ಬ್ಯಾಂಡ್ ಸ್ಪರ್ಧೆ ಕಿತ್ತು ಹಾಕಿ, ಕುದುರೆ ಕಥೆಗೆ ಏನೂ ಆಗುವುದಿಲ್ಲ. ಸಿಂಪ್ಸನ್ ಮನೆಗೆ ಮೊದಲೇ ಒಂದು ಕುದುರೆ ಬಂದಿತ್ತಲ್ಲ ಅಂತ ಆ ಎಪಿಸೋಡಿನಲ್ಲೇ ಕಾಮಿಕ್ಸ್ ಅಂಗಡಿಯ ಕಾಮಿಕ್ ಬುಕ್ ಗೈ ನೆನಪಿಸುತ್ತಾನೆ. ನೋಡುಗರ ದೂರು ಏನಿರುತ್ತದೆ ಅಂತ ಬರೆದವರಿಗೆ ಗೊತ್ತಿತ್ತು. ಆದರೂ ಕಥೆ ತಿದ್ದಲಿಲ್ಲ.

ಕೀಫ್ರೇಮ್:
ಕೊಂಡಿ ಕಳಚಿದ್ದು ನಿಜ. ಆದರೆ ಎಲ್ಲಿ ಕಳಚುತ್ತದೆ ಅಂತ ನೋಡಬೇಕಾದರೆ ಎಪಿಸೋಡ್ ತಯಾರಾಗುವ ದಾರಿಯನ್ನೇ ಹಿಡಿಯಬೇಕು. ಮೊದಲು ಒಬ್ಬ ಬರಹಗಾರನ ಡ್ರಾಫ್ಟ್. ಅದನ್ನು ಕೋಣೆಯಲ್ಲಿ ಎಲ್ಲರೂ ಸೇರಿ ತಿದ್ದುತ್ತಾರೆ. ನಂತರ ಟೇಬಲ್ ರೀಡ್, ಅಂದರೆ ಕಲಾವಿದರು ಮೇಜಿನ ಸುತ್ತ ಕೂತು ಓದುವುದು. ಮತ್ತೆ ತಿದ್ದುಪಡಿ. ಧ್ವನಿ ರೆಕಾರ್ಡಿಂಗ್, ಸ್ಟೋರಿಬೋರ್ಡ್, ಆನಿಮ್ಯಾಟಿಕ್ (ಕರಡು ಚಿತ್ರಗಳಿಗೆ ಧ್ವನಿ ಜೋಡಿಸಿದ್ದು). ಆನಿಮ್ಯಾಟಿಕ್ ನೋಡಿ ಮತ್ತೊಮ್ಮೆ ತಿದ್ದುಪಡಿ. ಆಮೇಲೆ ಲೇಔಟ್, ಅಂದರೆ ಪ್ರತಿ ಶಾಟಿನ ಭಂಗಿ ಬರೆಯುವುದು, ಅಲ್ಲಿಂದ ಕೊರಿಯಾದ ಸ್ಟುಡಿಯೋ. ಬಣ್ಣ ತುಂಬಿ ವಾಪಸ್ ಬಂದ ಮೇಲೂ ಒಂದಿಷ್ಟು ಸಾಲು ಬದಲಾಗುತ್ತದೆ. ಒಂದು ಎಪಿಸೋಡಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಹೀಗೆ ನಾಲ್ಕೈದು ಸಲ ತಿದ್ದುವಾಗ ಮೊದಲು ಬಲಿಯಾಗುವುದು ನಗು ತರಿಸದ ಸಾಲು. ಅದನ್ನು ನಾಲ್ಕನೇ ಸಲ ಕೇಳುತ್ತಿರುವ ಕೋಣೆಗೆ ಅದು ಸತ್ತ ಸಾಲು, ಅಲ್ಲೊಂದು ಜೋಕ್ ಬೇಕು ಅನ್ನಿಸುತ್ತದೆ. ಆದರೆ ಪಾತ್ರ ಈ ಕೆಲಸ ಯಾಕೆ ಮಾಡಿತು ಅನ್ನೋದನ್ನು ಹೇಳುತ್ತಿದ್ದದ್ದು ಅದೇ ಸಾಲು. ಅದನ್ನು ಕಾಯುವ ಒಬ್ಬರು ಕೋಣೆಯಲ್ಲಿರಬೇಕು. ಶುರುವಿನ ವರ್ಷಗಳಲ್ಲಿ ಆ ಕೆಲಸ ಶೋ ಕಟ್ಟಿದವರಲ್ಲಿ ಇಬ್ಬರಾದ ಸ್ಯಾಮ್ ಸೈಮನ್ ಮತ್ತು ಜೇಮ್ಸ್ ಎಲ್. ಬ್ರೂಕ್ಸ್ ಮಾಡಿದರು ಅಂತಲೇ ನಾನು ನಂಬುತ್ತೇನೆ. ಇಬ್ಬರೂ ‘ಟ್ಯಾಕ್ಸಿ’ಯಂಥ ಸಿಟ್‌ಕಾಮ್‌ನಲ್ಲಿ ಪಳಗಿದವರು.

ಇನ್ನು ಸಮಯ. ಜಾಹೀರಾತು ಬಿಟ್ಟು ಮೊದಮೊದಲು 22–23 ನಿಮಿಷ ಇರುತ್ತಿದ್ದ ಎಪಿಸೋಡ್ ಮುಂದೆ 21ರ ಆಸುಪಾಸಿಗೆ ಇಳಿಯಿತು. ಮೂರು ಅಂಕ ಇದ್ದದ್ದು ನಾಲ್ಕಾಯಿತು. ಅಂಕ ಹೆಚ್ಚಾದರೆ ಜಾಹೀರಾತಿಗೆ ಮುಂಚೆ ಬರಬೇಕಾದ ತಿರುವೂ ಒಂದು ಹೆಚ್ಚು. ನಿಮಿಷ ಕಮ್ಮಿ, ತಿರುವು ಜಾಸ್ತಿ. ಮಧ್ಯದ ಉಸಿರಾಟಕ್ಕೆ ಜಾಗ ಎಲ್ಲಿ ಉಳೀತು?

ಬರಹಕೋಣೆ:
ಸಮಯ, ಅಂಕ ಎಲ್ಲ ಆಮೇಲೆ. ಬರೆದವರೇ ಹೋದರು, ಅದು ದೊಡ್ಡದು. ಸೈಮನ್ 1993ರಲ್ಲಿ ಹೊರಟರು. ‘ಮಾರ್ಜ್ ವರ್ಸಸ್ ದಿ ಮೋನೋರೇಲ್’ ಬರೆದ ಕೊನನ್ ಒಬ್ರಾಯನ್ ಅದೇ ವರ್ಷ ಲೇಟ್ ನೈಟ್ ಶೋಗೆ ಹೋದರು. ಮೂರು, ನಾಲ್ಕನೇ ಸೀಸನ್ ನಡೆಸಿದ ಆಲ್ ಜೀನ್, ಮೈಕ್ ರೀಸ್ ಬೇರೆ ಸೀರೀಸ್ ಮಾಡಲು ಹೋದರು. 59 ಎಪಿಸೋಡ್ ಬರೆದ ಜಾನ್ ಸ್ವಾರ್ಟ್ಸ್‌ವೆಲ್ಡರ್ ಹೆಸರು ಹದಿನೈದನೇ ಸೀಸನ್ನಿನ ನಂತರ ಕಾಣೋದಿಲ್ಲ. ಫಿಲ್ ಹಾರ್ಟ್‌ಮನ್ 1998ರ ಮೇ 28ರಂದು ತೀರಿಕೊಂಡ ಮೇಲೆ ಅವರು ದನಿ ಕೊಡುತ್ತಿದ್ದ ಟ್ರಾಯ್ ಮೆಕ್ಲೂರ್, ಲಯನಲ್ ಹಟ್ಸ್ ಪಾತ್ರಗಳೆರಡನ್ನೂ ನಿಲ್ಲಿಸಿದರು. ಆ ಗೌರವ ಸರಿಯಾದದ್ದೇ, ಆದರೆ ಅಂಥ ಎರಡು ಪಾತ್ರ ಮತ್ತೆ ಹುಟ್ಟಲಿಲ್ಲ.

ಹಳೇ ಸೀಸನ್:
ಬರಹಕೋಣೆಯವರೇ, ನಿಮ್ಮ ಪಟ್ಟಿಯಲ್ಲೇ ನಿಮಗೆ ಉತ್ತರ ಇದೆ. ಹೆಚ್ಚಿನವರು ಹೋಗಿದ್ದು ನಾಲ್ಕನೇ ಸೀಸನ್ ಮುಗಿದಾಗ. ಆದರೆ ಡೇವಿಡ್ ಮಿರ್ಕಿನ್ ಹೊಸಬರನ್ನು ಕಟ್ಟಿಕೊಂಡು ಮಾಡಿದ ಐದು, ಆರನೇ ಸೀಸನ್ ಕೆಟ್ಟವು ಅಂತ ಯಾರು ಹೇಳ್ತಾರೆ? ಇನ್ನೊಂದು: ಆಲ್ ಜೀನ್ ಹದಿಮೂರನೇ ಸೀಸನ್ನಿಗೆ ವಾಪಸ್ ಬಂದು ಎರಡು ದಶಕ ನಡೆಸಿದರು. ಅದೇ ಮನುಷ್ಯ, ಅದೇ ಕೈ. ಮೂರು, ನಾಲ್ಕನೇ ಸೀಸನ್ನಿನ ಗುಣ ಮರಳಿತೇ?

ಬರಹಕೋಣೆ:
ಒಬ್ಬರು ಬಂದರೆ ಕೋಣೆ ಬರೋದಿಲ್ಲ. ಮಿರ್ಕಿನ್ ಕಾಲದ ಹೊಸಬರ ಮುಂದೆ ಅನುಕರಣೆ ಮಾಡಲು ನಾಲ್ಕೇ ಸೀಸನ್ ಇತ್ತು. ಹದಿಮೂರರ ಹೊತ್ತಿಗೆ ಏನೇ ಯೋಚಿಸಿದರೂ ‘ಇದು ಆಗಿದೆ’ ಅನ್ನುವ ಸ್ಥಿತಿ. ಹೋಮರ್‌ಗೆ ಹೊಸ ಕೆಲಸ, ಮಾರ್ಜ್‌ಗೆ ಮುನಿಸು, ಲೀಸಾಗೆ ಹೊಸ ನಂಬಿಕೆ: ಈ ಮೂರು ಅಚ್ಚುಗಳಲ್ಲೇ ಎಷ್ಟು ಎಪಿಸೋಡ್ ಬಂದವು ಅಂತ ನೋಡಿ.

ಮಲಪ್ರಭಾ:
ಅಲ್ರೀ, ಎಲ್ಲಾರೂ ಬರದವರ ಬಗ್ಗೆನಾ ಮಾತಾಡಾಕತ್ತೀರಿ, ಪಾತ್ರ ಏನಾತು ಅಂತ ಯಾರೂ ಕೇಳವಲ್ರಿ. ನೆಡ್ ಫ್ಲಾಂಡರ್ಸ್‌ನ ನೋಡ್ರಿ. 1990ರ ‘ಡೆಡ್ ಪಟ್ಟಿಂಗ್ ಸೊಸೈಟಿ’ಯೊಳಗ ಅವನ ಮನಿ ನೆಲಮಾಳಿಗ್ಯಾಗ ಬಿಯರ್ ನಲ್ಲಿ ಐತಿ, ಹೋಮರ್‌ನ ಕರದು ಕುಡಸ್ತಾನ. ಮಗ ಅಪ್ಪನ್ನ ಪ್ರೀತಿಯಿಂದ ಮಾತಾಡಸ್ತಾನ. ಅಂದ್ರ ಅವ ಎಲ್ಲಾದ್ರಾಗೂ ಹೋಮರ್‌ಗಿಂತ ಒಂದ್ ಕೈ ಮ್ಯಾಲ ಇರೋ ನೆರಿಮನ್ಯಾಂವ. ಹೋಮರ್‌ಗೆ ಹೊಟ್ಟಿಉರಿ ಬರೂದು ಅದಕ್ಕ. ದೇವರ ಭಕ್ತಿ ಅವನ ಒಂದ್ ಗುಣ ಅಷ್ಟ.

1991ರ ‘ವೆನ್ ಫ್ಲಾಂಡರ್ಸ್ ಫೇಲ್ಡ್’ನೊಳಗ ಎಡಗೈಯವರ ಸಾಮಾನು ಮಾರೋ ಅವನ ಅಂಗಡಿ ಮುಳುಗಲಿ ಅಂತ ಹೋಮರ್ ಬಯಸ್ತಾನ. ಮುಳುಗ್ತತಿ. ಆಗ ಅವಗ ಕರಳು ಚುರ್ ಅಂತತಿ, ಊರಾಗಿನ ಎಡಗೈಯವರನ್ನೆಲ್ಲಾ ಒಟ್ಟು ಮಾಡಿ ಅಂಗಡಿಗೆ ಕರಕೊಂಡ ಬರ್ತಾನ. ಕೆಟ್ಟ ಆಸೆ, ಅದರ ಫಲ, ಪಶ್ಚಾತ್ತಾಪ, ಪರಿಹಾರ. ನಾಲ್ಕೂ ಐತಿ.

ಮುಂದ ಭಕ್ತಿ ಒಂದ ಉಳೀತು. ಹೋಮರ್‌ದೂ ಇದ ಕಥಿ. ತಪ್ಪು ಮಾಡ್ತಾನ, ಬೆಲೆ ಕೊಡಂಗಿಲ್ಲ. 1995ರ ‘ಅಂಡ್ ಮ್ಯಾಗಿ ಮೇಕ್ಸ್ ತ್ರೀ’ಯಾಗ ಇಷ್ಟದ ಕೆಲಸ ಬಿಟ್ಟು ಬರ್ನ್ಸ್ ಹಂತ್ಯಾಕ ವಾಪಸ್ ಬರ್ತಾನಲ್ಲಾ, ನೀ ಇಲ್ಲೇ ಕೊನೀತನಕ ಅಂತ ಬರದ ಫಲಕದ ಮ್ಯಾಲ ಸಣ್ಣ ಮಗಳು ಮ್ಯಾಗಿ ಫೋಟೋ ಅಂಟಿಸಿ, ಆಕಿ ಸಲುವಾಗಿ ಮಾಡು ಅಂತ ಓದೂವಂಗ ಮಾಡ್ತಾನಲ್ಲಾ, ಆ ಹೋಮರ್‌ನ ಹನ್ನೊಂದನೇ ಸೀಸನ್ನಿನಾಗ ಹುಡುಕ್ರಿ. ಅದ ಸೀಸನ್ನಿನಾಗ, 2000ದ ಫೆಬ್ರವರಿ 13ಕ್ಕ, ಫ್ಲಾಂಡರ್ಸ್ ಹೆಂಡತಿ ಮಾಡ್ ಸಾಯ್ತಾಳ. ಅದಕ್ಕ ಹೋಮರ್‌ನೂ ಕಾರಣ ಆಗ್ತಾನ. ಕಲಾವಿದೆ ಪಗಾರದ ವಿಷಯಕ್ಕ ಶೋ ಬಿಟ್ಟಿದ್ರು, ಹಂಗಾಗಿ ಪಾತ್ರ ತಗದ್ರು. ಇರಲಿ. ಆದ್ರ ಹತ್ತು ವರ್ಷದ ನೆರಿಮನಿ ಹೆಣ್ಮಗಳು ಸತ್ತದ್ದು ಹೋಮರ್ ಮನಸ್ಸಿನಾಗ ಏನೂ ಉಳೀಲಿಲ್ಲ. ನನ್ನ ಪ್ರಕಾರ ಕುಸಿತದ ಖರೆ ಗುರುತು ಅದು.

ಕೀಫ್ರೇಮ್:
ಮಲಪ್ರಭಾ ಅವರೇ, ಇದನ್ನು ಪೂರ್ತಿ ಒಪ್ಪುತ್ತೇನೆ. ಇದಕ್ಕೆ ಚಿತ್ರದ ಕಡೆಯಿಂದಲೂ ಒಂದು ಮಾತು ಸೇರಿಸಬೇಕು. ಮೊದಲ ಸೀಸನ್‌ಗಳ ಗೆರೆ ಒರಟು, ಒಂದೊಂದು ಶಾಟಿನಲ್ಲಿ ಹೋಮರ್ ಮುಖ ಒಂದೊಂದು ಥರ. ಆದರೆ ಲೇಔಟ್ ಕಲಾವಿದ ಆ ಭಾವಕ್ಕೆ ಬೇಕಾದ ಭಂಗಿಯನ್ನು ಹುಡುಕಿ ಬರೆದಿರುತ್ತಿದ್ದ. ಹದಿನಾಲ್ಕನೇ ಸೀಸನ್ನಿನಿಂದ, ಅಂದರೆ 2002ರಿಂದ, ಸೆಲ್ (ಕೈಯಿಂದ ಬಣ್ಣ ಹಚ್ಚುವ ಪಾರದರ್ಶಕ ಹಾಳೆ) ಬಿಟ್ಟು ಖಾಯಂ ಡಿಜಿಟಲ್ ಬಣ್ಣಕ್ಕೆ ಬಂದರು. 2009ರ ಫೆಬ್ರವರಿಯಿಂದ ಎಚ್‌ಡಿ. ಗೆರೆ ಶುದ್ಧವಾಯಿತು, ಮುಖ ಮಾದರಿ ಹಾಳೆಗೆ ಸರಿಯಾಗಿ ಹೊಂದಿತು, ಹೊಂದಿದಷ್ಟೂ ಮರಗಟ್ಟಿತು. ತಂತ್ರಜ್ಞಾನವನ್ನು ದೂರಬೇಡಿ, ಮಾತು ಹೆಚ್ಚಾಗಿ ಮೌನದ ಸೆಕೆಂಡುಗಳು ಕಮ್ಮಿಯಾದಾಗ ಮುಖಕ್ಕೆ ನಟಿಸಲು ಅವಕಾಶವೇ ಸಿಗೋದಿಲ್ಲ.

ಸಂಗೀತವೂ ಹಾಗೇ. ಎರಡನೇ ಸೀಸನ್ನಿನಿಂದ ಆಲ್ಫ್ ಕ್ಲಾಸನ್ ನಿಜವಾದ ಆರ್ಕೆಸ್ಟ್ರಾ ಕೂರಿಸಿ ಪ್ರತಿ ಎಪಿಸೋಡಿಗೂ ಹೊಸದಾಗಿ ಬರೆಯುತ್ತಿದ್ದರು. 2017ರಲ್ಲಿ ಅವರನ್ನು ಕೈಬಿಟ್ಟರು.

ರಿಮೋಟ್:
ಗುರು, ದುಡ್ಡಿನ ಲೆಕ್ಕ ಯಾರೂ ತೆಗೀತಿಲ್ಲ. 1998ರಲ್ಲಿ ಮುಖ್ಯ ಧ್ವನಿ ಕಲಾವಿದರ ಸಂಭಾವನೆ ಎಪಿಸೋಡಿಗೆ 30,000 ಡಾಲರಿನಿಂದ 1,25,000ಕ್ಕೆ ಏರಿತು, ಆಮೇಲೆ ಇನ್ನೂ ಏರಿತು. 2011ರಲ್ಲಿ ಇಳಿಸದಿದ್ದರೆ ಶೋ ನಡೆಸೋಕಾಗಲ್ಲ ಅಂತ ಶೋ ನಡೆಸೋ ಫಾಕ್ಸ್ ಕಂಪನಿ ಹೇಳಿದಾಗ ಕಲಾವಿದರು ಕಡಿತ ಒಪ್ಪಿಕೊಂಡರು. ಮರುಪ್ರಸಾರ, ಆಟಿಕೆ, ಬಟ್ಟೆ ಎಲ್ಲದರಿಂದ ದುಡ್ಡು ಬರೋ ಶೋನ ಕಥೆ ಮುಗೀತು ಅಂತ ಯಾರೂ ನಿಲ್ಲಿಸಲ್ಲ. ‘ಸ್ಪಂಜ್‌ಬಾಬ್’ ನೋಡಿ. ಅದನ್ನು ಹುಟ್ಟುಹಾಕಿದ ಸ್ಟೀಫನ್ ಹಿಲೆನ್‌ಬರ್ಗ್ 2004ರ ಸಿನಿಮಾಗೇ ಮುಗಿಸಬೇಕು ಅಂತಿದ್ದರು. ಚಾನೆಲ್ ಮುಂದುವರಿಸಿತು, ಅವರು ದಿನನಿತ್ಯದ ಉಸ್ತುವಾರಿ ಬಿಟ್ಟರು, ನಾಲ್ಕನೇ ಸೀಸನ್ನಿನಿಂದ ಪಾಲ್ ಟಿಬ್ಬಿಟ್ ನಡೆಸಿದರು. ಮುಂದಿನ ಕೆಲವು ಸೀಸನ್‌ಗಳಲ್ಲಿ ಸ್ಪಂಜ್‌ಬಾಬ್‌ನ ನೆರೆಮನೆಯ ಸ್ಕ್ವಿಡ್‌ವರ್ಡ್ ತಪ್ಪೇ ಮಾಡದೆ ಪೆಟ್ಟು ತಿನ್ನೋ ಎಪಿಸೋಡ್‌ಗಳು ಬಂದವು. ಮೊದಲು ಅವನು ಸೊಕ್ಕು ತೋರಿಸಿ ಪೆಟ್ಟು ತಿಂತಿದ್ದ, ನಗು ಬರ್ತಿತ್ತು. ತಪ್ಪು ತೆಗೆದರೆ ಅದು ಬರೀ ಹಿಂಸೆ.

ಹಳೇ ಸೀಸನ್:
ಒಳ್ಳೆಯ ಉದಾಹರಣೆ, ಆದರೆ ಅದರ ತಯಾರಿಕೆ ಬೇರೆ. ಸ್ಪಂಜ್‌ಬಾಬ್‌ಗೆ ಪೂರ್ತಿ ಸ್ಕ್ರಿಪ್ಟ್ ಇರುತ್ತಿರಲಿಲ್ಲ. ಒಂದೆರಡು ಪುಟದ ರೂಪುರೇಷೆ ಹಿಡಿದು ಸ್ಟೋರಿಬೋರ್ಡ್ ಕಲಾವಿದರೇ ಮಾತು, ಜೋಕ್ ಎಲ್ಲ ಬರೆಯುತ್ತಿದ್ದರು. ಹಾಗಾಗಿ ಅಲ್ಲಿ ಬೋರ್ಡ್ ಕಲಾವಿದರು ಬದಲಾದರೆ ಶೋನ ದನಿಯೇ ಬದಲಾಗುತ್ತದೆ. ಸಿಂಪ್ಸನ್ಸ್‌ನಲ್ಲಿ ಕೆಡುವುದು ಕೋಣೆಯಲ್ಲಿ, ಅಲ್ಲಿ ಕೆಡುವುದು ಡ್ರಾಯಿಂಗ್ ಟೇಬಲ್ಲಿನಲ್ಲಿ.

ಮಧ್ಯಂತರ:
ಮೂಲ ಬರಹಗಾರರು ಹೋಗಿದ್ದೇ ಕಾರಣ ಅನ್ನುವವರು ‘ಸೌತ್ ಪಾರ್ಕ್’ಗೆ ಏನು ಹೇಳ್ತೀರಿ? ಅದನ್ನು ಹುಟ್ಟುಹಾಕಿದ ಟ್ರೇ ಪಾರ್ಕರ್, ಮ್ಯಾಟ್ ಸ್ಟೋನ್ 1997ರಿಂದ ಅಲ್ಲೇ ಇದ್ದಾರೆ. ಬಹುಪಾಲು ಎಪಿಸೋಡ್‌ಗಳನ್ನು ಆರು ದಿನದಲ್ಲಿ ಮುಗಿಸಿದವರು, ಹತ್ತು ಸಲ ತಿದ್ದಿ ಕೆಡಿಸಲು ಅಲ್ಲಿ ಪುರುಸೊತ್ತೇ ಇಲ್ಲ. ಆದರೂ ಇಪ್ಪತ್ತನೇ ಸೀಸನ್ ಎಡವಿತು. ಆ ಸೀಸನ್ ಪೂರ್ತಿ ಒಂದೇ ಮುಂದುವರಿಯುವ ಕಥೆ, ಹಿಲರಿ ಕ್ಲಿಂಟನ್ ಗೆಲ್ಲುತ್ತಾರೆ ಅನ್ನುವ ಎಣಿಕೆಯ ಮೇಲೆ ಕಟ್ಟಿದ್ದು. ಫಲಿತಾಂಶ ಉಲ್ಟಾ ಬಂತು, 2016ರ ನವೆಂಬರ್ 9ರ ಎಪಿಸೋಡನ್ನು ಅವಸರದಲ್ಲಿ ತಿದ್ದಬೇಕಾಯಿತು, ಉಳಿದ ಎಳೆಗಳೆಲ್ಲ ಗಂಟಾದವು. ಇನ್ನೊಂದು ತುದಿಗೆ ಜಪಾನಿನ ‘ಸಜಾಏ-ಸಾನ್’. 1969ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ವಾರಕ್ಕೆ ಮೂರು ಪುಟ್ಟ ಕಥೆ, ಮನೆಯೊಳಗಿನ ಸಣ್ಣ ಗಲಿಬಿಲಿ, ಅಷ್ಟೇ. ಪ್ರತಿ ವಾರ ಹಿಂದಿನದನ್ನು ಮೀರಿಸಬೇಕು ಅನ್ನುವ ಹಟ ಅದಕ್ಕಿಲ್ಲ. ಸಿಂಪ್ಸನ್ಸ್‌ಗೆ ಆ ಹಟ ಇತ್ತು, ಪೆಟ್ಟಾಗಿದ್ದು ಅದರಿಂದ ಅಂತ ನನಗನ್ನಿಸುತ್ತದೆ.

ಬರಹಕೋಣೆ:
ಸಜಾಏ-ಸಾನ್‌ನಲ್ಲಿ ಕಾಲ ಅಲುಗಾಡುವುದಿಲ್ಲ ಅನ್ನುವುದೂ ಮುಖ್ಯ. ಸಿಂಪ್ಸನ್ಸ್ ಕಾಲ ಅಲುಗಾಡಿಸಿ ಕೈ ಸುಟ್ಟುಕೊಂಡಿತು. 1991ರ ‘ದಿ ವೇ ವಿ ವಾಸ್’ ಪ್ರಕಾರ ಹೋಮರ್, ಮಾರ್ಜ್ ಭೇಟಿಯಾದದ್ದು 1974ರ ಹೈಸ್ಕೂಲಿನಲ್ಲಿ. 2008ರ ‘ದಟ್ 90ಸ್ ಶೋ’ ಅವರ ಮದುವೆಗೆ ಮುಂಚಿನ ದಿನಗಳನ್ನು ತೊಂಬತ್ತರ ದಶಕಕ್ಕೆ ತಂದಿತು. ವಯಸ್ಸು ಏರಬಾರದು ಅಂದರೆ ಹೀಗೆ ಮಾಡದೆ ದಾರಿಯಿಲ್ಲ, ಲೆಕ್ಕ ಸರಿಯೇ. ಆದರೆ ನೋಡುವವರು ಹಚ್ಚಿಕೊಂಡಿದ್ದ ನೆನಪನ್ನೇ ಬದಲಾಯಿಸಿದರೆ ಮುಂದಿನ ಯಾವ ಭಾವುಕ ದೃಶ್ಯವನ್ನು ನಂಬುತ್ತಾರೆ?

ರಿಮೋಟ್:
ಅತಿಥಿ ಧ್ವನಿಗಳೂ ಇದೇ ಸಾಲಿಗೆ. 1991ರಲ್ಲಿ ಡಸ್ಟಿನ್ ಹಾಫ್‌ಮನ್ ಸುಳ್ಳು ಹೆಸರು ಹಾಕಿಸಿಕೊಂಡು ಲೀಸಾಳ ಮೇಷ್ಟ್ರು ಬರ್ಗ್‌ಸ್ಟ್ರಾಮ್ ಆದರು. ಪಾತ್ರ ಕಂಡಿತು, ನಟ ಕಾಣಲಿಲ್ಲ. 2012ರಲ್ಲಿ ಲೇಡಿ ಗಾಗಾ ಲೇಡಿ ಗಾಗಾ ಆಗಿಯೇ ಊರಿಗೆ ಬಂದರು, ಲೀಸಾ ಕಥೆ ಅವರ ಸುತ್ತ ತಿರುಗಿತು.

ಮಧ್ಯಂತರ:
ಒಂದು ಆಕ್ಷೇಪ. ಎಲ್ಲರೂ ಹಿಂದಿನದೇ ಹೊನ್ನು ಅಂತ ಕೂತರೆ ಆಮೇಲೆ ಬಂದ ಒಳ್ಳೆಯದು ಕಾಣೋದಿಲ್ಲ. 2007ರ ‘ಇಟರ್ನಲ್ ಮೂನ್‌ಶೈನ್ ಆಫ್ ದಿ ಸಿಂಪ್ಸನ್ ಮೈಂಡ್’ ಎಮ್ಮಿ ಗೆದ್ದದ್ದು ಸುಮ್ಮನಲ್ಲ. 2011ರ ಡಿಸೆಂಬರಿನ ‘ಹಾಲಿಡೇಸ್ ಆಫ್ ಫ್ಯೂಚರ್ ಪಾಸ್ಡ್’ ನೋಡಿ. ಒಪ್ಪಂದದ ಜಗ್ಗಾಟದಲ್ಲಿ ಶೋ ನಿಂತರೂ ನಿಲ್ಲಬಹುದು, ಇದೇ ಕೊನೆಯದಾಗಬಹುದು ಅನ್ನುವ ಅಂದಾಜಿನಲ್ಲಿ ಬರೆದದ್ದು. ಬಾರ್ಟ್, ಲೀಸಾ ದೊಡ್ಡವರಾಗಿ ತಮ್ಮ ಮಕ್ಕಳ ಜೊತೆ ಮನೆಗೆ ಬರುತ್ತಾರೆ, ಅಪ್ಪ–ಮಗನ ನಡುವಿನ ಹಳೆಯ ಬಾಕಿ ತೀರುತ್ತದೆ. ಅದೇ ಕೋಣೆ, ಅದೇ 21 ನಿಮಿಷ. ಮುಗಿಯಬಹುದು ಅಂದಾಗ ಕೊಂಡಿ ತಾನಾಗಿಯೇ ಗಟ್ಟಿಯಾಯಿತು. 2021ರಲ್ಲಿ ಶುರುವಾದ 33ನೇ ಸೀಸನ್ನಿನಿಂದ ಹೆಚ್ಚಿನ ಎಪಿಸೋಡ್ ನಡೆಸುತ್ತಿರುವ ಮ್ಯಾಟ್ ಸೆಲ್ಮನ್ ಅವರ ಕೆಲಸದಲ್ಲೂ ಒಂದೇ ಕಥೆಗೆ ಅಂಟಿಕೊಳ್ಳುವ ಶಿಸ್ತು ಕಾಣುತ್ತದೆ.

ಕೀಫ್ರೇಮ್:
ಸೆಲ್ಮನ್ ಕಾಲದ್ದು ಚೇತರಿಕೆ ಅನ್ನೋದನ್ನು ಒಪ್ಪುತ್ತೇನೆ, ಆದರೆ ಅರ್ಧ. ಕಥೆಯ ಆಕಾರ ಮರಳಿದೆ, ವೇಗ ಇಳಿದಿಲ್ಲ. ಪರೀಕ್ಷಿಸಬೇಕಾದರೆ ‘ಲಾಸ್ಟ್ ಎಕ್ಸಿಟ್’, ‘ಸ್ಯಾಡಲ್‌ಸೋರ್’ ಮತ್ತು 33ನೇ ಸೀಸನ್ನಿನ ನಿಮಗಿಷ್ಟವಾದ ಒಂದು, ಹೀಗೆ ಮೂರು ಎಪಿಸೋಡ್ ಇಟ್ಟುಕೊಳ್ಳಿ. ಪ್ರತಿ ದೃಶ್ಯಕ್ಕೂ ಒಂದು ಸಾಲು ಬರೆಯಿರಿ: ಯಾರಿಗೆ ಏನು ಬೇಕಿತ್ತು, ಏನು ಅಡ್ಡ ಬಂತು. ಪಕ್ಕದಲ್ಲಿ ಯಾರೂ ಮಾತಾಡದ ಸೆಕೆಂಡುಗಳನ್ನು ಗುರುತು ಹಾಕಿ. ಮೊದಲ ಕಾಲಂನಲ್ಲಿ ಹೊಸ ಎಪಿಸೋಡ್ ಹಳೆಯದರ ಹತ್ತಿರ ನಿಲ್ಲುತ್ತದೆ, ಎರಡನೆಯದರಲ್ಲಿ ನಿಲ್ಲುವುದಿಲ್ಲ ಅನ್ನೋದು ನನ್ನ ಅಂದಾಜು.

ಮಲಪ್ರಭಾ:
ಮೂರನೇ ಕಾಲಂ ಒಂದ್ ಹಾಕ್ರಿ: ಹೋಮರ್ ತಪ್ಪಿಗೆ ಬೆಲೆ ಕೊಟ್ಟನೋ ಇಲ್ಲೋ. ‘ಲಾಸ್ಟ್ ಎಕ್ಸಿಟ್’ದಾಗ ವಿಮೆ ವಾಪಸ್ ಸಿಗಬೇಕಂದ್ರ ಅವ ಅಧ್ಯಕ್ಷಗಿರಿ ಬಿಡಬೇಕು ಅಂತ ಬರ್ನ್ಸ್ ಷರತ್ತು ಹಾಕ್ತಾನ, ಇವ ಖುಷಿಯಿಂದ ಬಿಟ್ಟ ಕೊಡ್ತಾನ. ಆ ಜೋಕಿನಾಗೂ ಒಂದ್ ಕೊಡೂದು, ಒಂದ್ ತಗೊಳ್ಳೂದು ಐತಿ. ಮೌನದ ಸೆಕೆಂಡ್ ಕಮ್ಮಿ ಇದ್ರೂ ನಡೀತತಿ, ಈ ಕಾಲಂ ಖಾಲಿ ಇದ್ರ ನಡ್ಯಂಗಿಲ್ಲ.