ಚರ್ಚೆ: ಪೆಟ್ರೋಲ್, ಡೀಸೆಲ್ ನಂಬಿಕೊಂಡು ಇನ್ನೆಷ್ಟು ದಿನ?

ಬಯಲುಸೀಮೆಯವ:
ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ಹೊರಗಿನದು. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು, ತೈಲದ ಬೆಲೆ ಏರಿತು. ಮೊದಲೇ ಬರಿದಾಗಿದ್ದ ಖಜಾನೆ ಇನ್ನೂ ಕುಸಿದು, ಮರುವರ್ಷ ಚಿನ್ನ ಅಡ ಇಡಬೇಕಾಯಿತು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಬಿತ್ತು, ಬ್ಯಾರೆಲ್ ಬೆಲೆ 130 ಡಾಲರ್ ದಾಟಿತು. ಯಾರೋ ಎಲ್ಲೋ ಯುದ್ಧ ಮಾಡಿದರೆ ನಮ್ಮೂರ ಸಂತೆಯಲ್ಲಿ ತರಕಾರಿ ಬೆಲೆ ಏರುತ್ತದೆ. ಬಸ್ಸು, ಬೈಕು, ಆಟೊ ಎಲ್ಲ ಕರೆಂಟಿಗೆ ಬರಲಿ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಬಿಸಿಲನ್ನು ನಮಗೆ ಯಾರೂ ಮಾರಬೇಕಾಗಿಲ್ಲ.

ಸುರತ್ಕಲ್ ಕಡಲು:
"ತರಕಾರಿ ಬೆಲೆ ಏರುತ್ತದೆ" ಅಂದಿರಿ. ಆ ತರಕಾರಿ ಸಂತೆಗೆ ಬರುವುದೇ ಡೀಸೆಲ್ ಗಾಡಿಯಲ್ಲಿ ಮಾರಾಯ್ರೇ. ಉಳುವ ಟ್ರ್ಯಾಕ್ಟರ್, ನಮ್ಮ ಮೀನಿನ ಬೋಟು, ರಸ್ತೆಯ ಡಾಂಬರು ಎಲ್ಲ ತೈಲದ್ದೇ. ಇಲ್ಲಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ಗೆ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಶಕ್ತಿ ಇದೆ. ಅದನ್ನು ನಂಬಿ ಎಷ್ಟು ಮನೆ ನಡೆಯುತ್ತಿವೆ ಬಂದು ನೋಡಿ. ಯುದ್ಧದ ಕಾಲಕ್ಕೆ ಅಂತಲೇ ಬಂಡೆ ಕೊರೆದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಕಚ್ಚಾ ತೈಲದ ಸಂಗ್ರಹ ಮಾಡಿದ್ದಾರೆ.

ಕೆ.ಆರ್.ಪುರ ಪಯಣಿಗ:
ಬಂಡೆ ಕೊರೆದದ್ದು ಸರಿ. ವಿಶಾಖಪಟ್ಟಣದ್ದೂ ಸೇರಿಸಿದರೆ ಒಟ್ಟು 53.3 ಲಕ್ಷ ಟನ್. ಪೂರ್ತಿ ತುಂಬಿದ್ದರೂ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು. ಇದು ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಲೆಕ್ಕ.

ಸುರತ್ಕಲ್ ಕಡಲು:
ಸರ್ಕಾರ ಅಲ್ಲಿಗೇ ನಿಲ್ಲಿಸಿಲ್ಲ, ನೀವು ನಿಲ್ಲಿಸಿದ್ದೀರಿ. ತೈಲ ಕಂಪನಿಗಳ ಟ್ಯಾಂಕುಗಳನ್ನೂ ಲೆಕ್ಕ ಹಿಡಿದರೆ 74 ದಿನ ಅಂತ ಅವರೇ ಹೇಳಿದ್ದಾರೆ. ಅರ್ಧ ಓದಿ ಹೆದರಿಸಬೇಡಿ.

ಮದ್ದೂರಿನ ಕಬ್ಬು:
ಹೊರದೇಶದ ತೈಲ ಬೇಡ ಅನ್ನೋರು ರೈತನ ಕಡೆ ಯಾಕೆ ನೋಡುವುದಿಲ್ಲ? ಕಬ್ಬು, ಮೆಕ್ಕೆಜೋಳದಿಂದ ಮಾಡುವ ಎಥನಾಲ್ 2014ರಲ್ಲಿ ಪೆಟ್ರೋಲಿಗೆ ಬೆರೆಯುತ್ತಿದ್ದದ್ದು ಶೇ. 1.5ರ ಆಸುಪಾಸು. 2025ಕ್ಕೆ ಶೇ. 20 ಆಯಿತು. 2030ಕ್ಕೆ ಅಂತ ಇಟ್ಟುಕೊಂಡಿದ್ದ ಗುರಿಯನ್ನು ಮೊದಲೇ ಮುಟ್ಟಿದ್ದೇವೆ. ಅರಬ್ಬರಿಗೆ ಹೋಗುವ ದುಡ್ಡು ನಮ್ಮ ಹೊಲಕ್ಕೆ ಬರುತ್ತಿದೆ.

ಗ್ಯಾರೇಜ್ ಕಿಟ್ಟಿ:
ಹೊಲಕ್ಕೆ ಬರುವ ದುಡ್ಡು ಬೈಕಿನವನ ಜೇಬಿನಿಂದ ಹೋಗುತ್ತಿದೆ ಅಣ್ಣಾ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. 2021ರ ನೀತಿ ಆಯೋಗದ ವರದಿಯಲ್ಲೇ ಇದೆ, ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಹಾಕಿದರೆ ಹಳೆಯ ಕಾರಿಗೆ ಮೈಲೇಜ್ ಶೇ. 6ರಿಂದ 7, ಬೈಕಿಗೆ ಶೇ. 3ರಿಂದ 4 ಇಳಿಯುತ್ತದೆ. ಬಂಕಿನಲ್ಲಿ ದರ ಅಷ್ಟು ಇಳಿದಿದೆಯಾ?

ಮದ್ದೂರಿನ ಕಬ್ಬು:
ಅದೇ ವರದಿಯಲ್ಲಿ, ಇ20ಗೆ ಹೊಂದಿಸಿದ ಕಾರಿಗೆ ಶೇ. 1ರಿಂದ 2 ಮಾತ್ರ ಅಂತಲೂ ಇದೆ. ಅದನ್ನು ಯಾಕೆ ಬಿಟ್ಟಿರಿ?

ಗ್ಯಾರೇಜ್ ಕಿಟ್ಟಿ:
ಹೊಂದಿಸಿದ ಕಾರು ಯಾರ ಹತ್ತಿರ ಇದೆ? ನನ್ನ ಹತ್ತಿರ ಬರುವುದು ಕಾರ್ಬುರೇಟರ್ ಇರುವ ಹಳೇ ಬೈಕುಗಳು. ಹಾಲು ಹಾಕೋರು, ಪೇಪರ್ ಹಾಕೋರು, ಗಾರೆ ಕೆಲಸದವರು. ಹೊಸ ಗಾಡಿ ತಗೊಳ್ಳಿ ಅಂತ ಅವರಿಗೆ ಹೇಳಲಾ? ರಬ್ಬರ್ ಪೈಪು ಹೋದರೆ ಬದಲಿಸುವ ಖರ್ಚೂ ಅವರದ್ದೇ.

ಕೆ.ಆರ್.ಪುರ ಪಯಣಿಗ:
ಆ ವರದಿಯ ಇನ್ನೊಂದು ಸಾಲು ಇಬ್ಬರೂ ಬಿಟ್ಟಿದ್ದೀರಿ. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಆಗಬೇಕಾದರೆ ಸುಮಾರು 2,860 ಲೀಟರ್ ನೀರು ಬೇಕು. ತೈಲ ಬಿಟ್ಟು ಕಾವೇರಿಯನ್ನು ಸುಡುವುದಾ?

ಮದ್ದೂರಿನ ಕಬ್ಬು:
ಕಾವೇರಿ ಹೆಸರು ನಿಮ್ಮ ಬಾಯಲ್ಲಿ ಬರಬಾರದು. ಬೆಂಗಳೂರಿನ ನಲ್ಲಿಗೆ ನೀರು ಹೋಗುವುದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ನಿಮ್ಮ ಕಾರು ತೊಳೆಯುವ ನೀರಿಗೆ ಯಾವ ವರದಿಯೂ ಇಲ್ಲ. ರೈತ ನಾಲ್ಕು ಕಾಸು ನೋಡುವ ಹೊತ್ತಿಗೆ ಮಾತ್ರ ನೀರಿನ ಲೆಕ್ಕ ಬರುತ್ತದೆ. ಮೈ ಉರಿಯುತ್ತದೆ ನನಗೆ.

ಕೆ.ಆರ್.ಪುರ ಪಯಣಿಗ:
ನನ್ನ ಹತ್ತಿರ ಕಾರೇ ಇಲ್ಲ. ಬಸ್ಸಿನಲ್ಲಿ ಓಡಾಡುತ್ತೇನೆ. ಲೆಕ್ಕಕ್ಕೆ ಉತ್ತರ ಕೊಡಿ.

ಶಿರಸಿ ಅಕ್ಕ:
ಎಲ್ಲರೂ ಗಾಡಿ ಬಗ್ಗೆಯೇ ಮಾತಾಡುತ್ತಿದ್ದೀರಿ. ಅಡುಗೆಮನೆಗೆ ಬನ್ನಿ. ಸೌದೆ ಒಲೆ ಊದಿ ಕಣ್ಣು ಕೆಂಪಾಗಿ ಕೆಮ್ಮುತ್ತಿದ್ದ ಹೆಂಗಸರು ಆ ಹೊಗೆಯಿಂದ ಹೊರಗೆ ಬಂದದ್ದು ಗ್ಯಾಸ್ ಸಿಲಿಂಡರಿನಿಂದ. 2016ರ ಉಜ್ವಲಾ ಯೋಜನೆಯ ನಂತರ ಬಡವರ ಮನೆಗೂ ಬಂತು. ಆ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು, ಬರುವುದು ಹೆಚ್ಚಾಗಿ ಹೋರ್ಮುಜ್ ಜಲಸಂಧಿ ದಾಟಿ. ಅದು ನಿಂತರೆ ಏನು ಮಾಡುವುದು ಅಂತ ಯಾರಾದರೂ ಯೋಚಿಸಿದ್ದೀರಾ?

ಬಯಲುಸೀಮೆಯವ:
ಎಥನಾಲ್ ವಿಷಯಕ್ಕೆ ಒಂದು ಮಾತು. 2023ರ ಡಿಸೆಂಬರ್‌ನಲ್ಲಿ ಮಳೆ ಕೈಕೊಟ್ಟಿತ್ತು. ಸಕ್ಕರೆ ಸಾಲದು ಅಂತ ಕೇಂದ್ರವೇ ಕಬ್ಬಿನ ಹಾಲಿನಿಂದ ಎಥನಾಲ್ ಮಾಡಲು ತಡೆ ಹಾಕಿತು. ಕುವೈತ್ ಬಿಟ್ಟು ಮುಂಗಾರಿನ ಮೇಲೆ ಬಿದ್ದ ಹಾಗಾಯಿತು.

ಮದ್ದೂರಿನ ಕಬ್ಬು:
ಆ ತಡೆಯನ್ನು 2024ರಲ್ಲಿ ತೆಗೆದರು. ಅದನ್ನೂ ಬರೆಯಿರಿ. ಎಥನಾಲ್ ದುಡ್ಡು ಬಂದ ಮೇಲೆ ಸಕ್ಕರೆ ಕಾರ್ಖಾನೆಗಳು ರೈತರ ಬಾಕಿ ಚುಕ್ತಾ ಮಾಡುತ್ತಿವೆ.

ಗೋಕಾಕದ ರೈತ:
ಚುಕ್ತಾ ಬಗ್ಗೆ ಮಾತಾಡಿದಿರಿ, ಅದಕ್ಕೇ ಬಂದೆ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಟನ್ನಿಗೆ 3,500 ಕೊಡ್ರಿ ಅಂತ ರಸ್ತೆಯಲ್ಲಿ ಕುಳಿತವರು ಯಾರು? ಎಥನಾಲ್ ಶೇ. 20 ಮುಟ್ಟಿದ ವರ್ಷವೇ ಅದು. ಕೊನೆಗೆ ಸರ್ಕಾರ ನಡುವೆ ಬಂದು 3,300ಕ್ಕೆ ಮುಗಿಸಿತು. ಲಾಭ ಕಾರ್ಖಾನೆಯವರದು, ಹೆಸರು ನಮ್ಮದು. ಮೆಕ್ಕೆಜೋಳದವರ ಕಥೆಯೂ ಅದೇ. ಬೆಂಬಲ ಬೆಲೆ ಕ್ವಿಂಟಲಿಗೆ 2,400 ಅಂತ ಹೇಳಿದರು, ಮಾರುಕಟ್ಟೆಯಲ್ಲಿ ಆ ವರ್ಷ ಅಷ್ಟೂ ಸಿಗಲಿಲ್ಲ.

ಮದ್ದೂರಿನ ಕಬ್ಬು:
ಹಾಗಾದರೆ ಎಥನಾಲ್ ನಿಲ್ಲಿಸಿದರೆ 3,300 ಆದರೂ ಸಿಗುತ್ತಿತ್ತಾ?

ಸುರತ್ಕಲ್ ಕಡಲು:
"ಬಿಸಿಲನ್ನು ಯಾರೂ ಮಾರಬೇಕಾಗಿಲ್ಲ" ಅಂದವರು ಎಲ್ಲಿ? ಪಾವಗಡದ ಬಿಸಿಲು ಸಂಜೆಗೆ ಮುಗಿಯುತ್ತದೆ. ದೇಶದ ಕರೆಂಟಿನ ದೊಡ್ಡ ಪಾಲು ಇವತ್ತಿಗೂ ಕಲ್ಲಿದ್ದಲಿನದು. ಬ್ಯಾಟರಿಯ ಸೆಲ್ ಬರುವುದು ಹೆಚ್ಚಾಗಿ ಚೀನಾದಿಂದ. ಕೊಲ್ಲಿ ದೇಶ ಬಿಟ್ಟು ಚೀನಾ ಹಿಡಿದರೆ ಸ್ವಾವಲಂಬನೆ ಹೇಗಾಗುತ್ತದೆ?

ಬಯಲುಸೀಮೆಯವ:
ಬ್ಯಾಟರಿ ಒಮ್ಮೆ ತಂದರೆ ವರ್ಷಗಟ್ಟಲೆ ಓಡುತ್ತದೆ. ಪೆಟ್ರೋಲ್ ದಿನಾ ಸುಡುತ್ತದೆ, ದಿನಾ ತರಬೇಕು. ಚೀನಾ ಸೆಲ್ ಕೊಡದಿದ್ದರೆ ಹೊಸ ಗಾಡಿ ತಡವಾಗುತ್ತದೆ, ಇರುವ ಗಾಡಿ ನಿಲ್ಲುವುದಿಲ್ಲ. ತೈಲ ನಿಂತರೆ ಎಲ್ಲವೂ ನಿಲ್ಲುತ್ತದೆ. ಎರಡೂ ಒಂದೇ ಅನ್ನಬೇಡಿ.

ಸುರತ್ಕಲ್ ಕಡಲು:
ದಿನಾ ಸುಡುವುದರಿಂದಲೇ ದಿನಾ ತೆರಿಗೆ ಬರುತ್ತದೆ. 2024ರ ಜೂನ್‌ನಲ್ಲಿ ನಮ್ಮ ರಾಜ್ಯ ಪೆಟ್ರೋಲ್ ತೆರಿಗೆ ಏರಿಸಿ ಲೀಟರಿಗೆ ಮೂರು ರೂಪಾಯಿ ಜಾಸ್ತಿ ಮಾಡಿದ್ದು ಸುಮ್ನೆ ಅಲ್ಲ. ಎಲ್ಲರೂ ಕರೆಂಟಿಗೆ ಹೋದರೆ ಆ ದುಡ್ಡು ಎಲ್ಲಿಂದ ತರುತ್ತೀರಿ?

ಶಿರಸಿ ಅಕ್ಕ:
ಸಿಲಿಂಡರಿನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಹಡಗು ನಿಂತರೆ ಮೊದಲು ತಣ್ಣಗಾಗುವುದು ನಮ್ಮ ಒಲೆ. ಕಚ್ಚಾ ತೈಲಕ್ಕೆ ಪಾದೂರಿನಲ್ಲಿ ಅಷ್ಟು ದೊಡ್ಡ ಸಂಗ್ರಹ ಮಾಡಿದವರು ಗ್ಯಾಸಿಗೂ ಅಷ್ಟೇ ದೊಡ್ಡದನ್ನು ಯಾಕೆ ಮಾಡಬಾರದು?

ಗ್ಯಾರೇಜ್ ಕಿಟ್ಟಿ:
ನಾನು ಕೇಳುವುದು ಒಂದೇ. ಬಂಕಿನಲ್ಲಿ ಇ10, ಇ20 ಎರಡೂ ಇಡಲಿ. ದರ ಬೇರೆ ಬೇರೆ ಬರೆಯಲಿ. ಹಳೇ ಬೈಕಿನವನು ತನಗೆ ಬೇಕಾದ್ದು ಹಾಕಿಸಿಕೊಳ್ಳಲಿ.

ಮದ್ದೂರಿನ ಕಬ್ಬು:
ಎರಡೂ ಇಡಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಎಥನಾಲ್ ಕಡಿಮೆ ಮಾಡಿ ಅಂತ ನೀವು ಹೇಳುತ್ತಿರುವುದನ್ನು ಮಾತ್ರ ಒಪ್ಪೋದಿಲ್ಲ.

ಗ್ಯಾರೇಜ್ ಕಿಟ್ಟಿ:
ಕಡಿಮೆ ಮಾಡಿ ಅಂತ ನಾನೆಲ್ಲಿ ಹೇಳಿದೆ? ಮೇಲಿಂದ ಓದಿಕೊಂಡು ಬನ್ನಿ.