ಮೀನಿನ ಮೈಮೇಲೆ ಬಿಳಿ ಚುಕ್ಕಿ, ಹೀಟರ್ ಏರಿಸಿದ್ರೆ ಸಾಕಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ:
ನನ್ನದು 80 ಲೀಟರ್ ಟ್ಯಾಂಕು. ಎಂಟು ನಿಯಾನ್ ಟೆಟ್ರಾ, ಒಂದು ಜೊತೆ ಗೌರಾಮಿ, ಮೂರು ಕೋರಿಡೋರಾಸ್ ಇದಾವೆ. ಹೋದ ವಾರ ಇನ್ನೆರಡು ಟೆಟ್ರಾ ತಂದು ಸೀದಾ ಒಳಗೆ ಬಿಟ್ಬಿಟ್ಟೆ (ಗೊತ್ತು, ತಪ್ಪು, ಬೈಬೇಡಿ). ಈಗ ನಾಲ್ಕೈದು ಮೀನಿನ ರೆಕ್ಕೆ ಮೇಲೆ ಪುಡಿ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕಿ ಎದ್ದಿದೆ, ಕಲ್ಲಿಗೆ ಮೈ ಉಜ್ಜಿಕೊಳ್ತಾವೆ. ನೀರು 25 ಡಿಗ್ರಿ ಇದೆ. ಗಿಡ, ಬಸವನಹುಳು ಎಲ್ಲಾ ಇರೋದ್ರಿಂದ ಔಷಧಿ ಹಾಕೋಕೆ ಭಯ. 30ಕ್ಕೆ ಏರಿಸಿದ್ರೆ ತಾನಾಗೇ ಹೋಗುತ್ತೆ ಅಂತಾರೆ, ನಿಜಾನಾ? ಎಷ್ಟು ದಿನ ಇಡಬೇಕು?

ಉತ್ತರ:
ನಿಜ, ನಂದು ಎರಡು ಸಲ ಹಾಗೇ ವಾಸಿ ಆಗಿದೆ, ಆದ್ರೆ ಮೊದಲನೇ ಸಲ ನಾನು ಕೆಡಿಸಿಕೊಂಡೆ. ನಾಲ್ಕನೇ ದಿನ ಚುಕ್ಕಿ ಎಲ್ಲಾ ಮಾಯ ಆಯ್ತು, ಖುಷಿಯಲ್ಲಿ ಹೀಟರ್ ಇಳಿಸಿಬಿಟ್ಟೆ, ವಾರ ಕಳೆಯೋದ್ರೊಳಗೆ ಮೊದಲಿಗಿಂತ ಎರಡರಷ್ಟು ಚುಕ್ಕಿ. ಆಮೇಲೆ ಓದಿ ತಿಳ್ಕೊಂಡಿದ್ದು ಏನಂದ್ರೆ, ನಮಗೆ ಕಾಣೋ ಚುಕ್ಕಿ ಅನ್ನೋದು ಚರ್ಮದ ಒಳಗೆ ಕೂತು ತಿಂತಾ ಇರೋ ಪರಾವಲಂಬಿ, ಅಲ್ಲಿರೋವಾಗ ಅದಕ್ಕೆ ಯಾವ ಔಷಧಿನೂ ಮುಟ್ಟಲ್ಲ. ಹೊಟ್ಟೆ ತುಂಬಿದ ಮೇಲೆ ಅದು ಮೀನನ್ನ ಬಿಟ್ಟು ಕೆಳಗೆ ಬಿದ್ದು, ಕಲ್ಲಿಗೋ ಗಿಡಕ್ಕೋ ಅಂಟಿಕೊಂಡು, ಒಂದು ಇದ್ದಿದ್ದು ನೂರಾರು ಮರಿ ಆಗುತ್ತೆ. ಆ ಮರಿಗಳು ಈಜಿಕೊಂಡು ಬಂದು ಒಂದೆರಡು ದಿನದಲ್ಲಿ ಮೀನು ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ಸಾಯ್ತಾವೆ. ಅಂದ್ರೆ ಚುಕ್ಕಿ ಕಾಣ್ತಿಲ್ಲ ಅಂದ್ರೆ ರೋಗ ಹೋಯ್ತು ಅಂತಲ್ಲ, ಕೆಳಗಡೆ ಸಂಸಾರ ಬೆಳೀತಿದೆ ಅಂತ.

25 ಡಿಗ್ರಿಯಲ್ಲಿ ಈ ಸುತ್ತು ನಾಲ್ಕೈದು ದಿನದಲ್ಲಿ ಮುಗಿಯುತ್ತೆ, ತಣ್ಣಗಿನ ನೀರಲ್ಲಿ ವಾರಗಟ್ಟಲೆ ಎಳೀತದೆ. ಬಿಸಿ ಏರಿಸಿದಾಗ ಬೇಗ ಬೇಗ ಉದುರುತ್ತೆ, 30 ದಾಟಿದ ಮೇಲೆ ಮರಿ ಆಗೋದೇ ನಿಲ್ಲುತ್ತೆ. ಅದಕ್ಕೇ ಹೇಳೋದು, ಲೆಕ್ಕ ಶುರು ಮಾಡೋದು ನೀರು 30 ಮುಟ್ಟಿದ ದಿನದಿಂದ, ಅಲ್ಲಿಂದ ಹದಿನಾಲ್ಕು ದಿನ ಮುಟ್ಟಬೇಡಿ. ದಿನ ಬಿಟ್ಟು ದಿನ ತಳದ ಕಲ್ಲನ್ನ ಸೈಫನ್ ಹಾಕಿ ಎಳೀರಿ, ಅಂಟಿಕೊಂಡಿರೋದು ಅಷ್ಟಾದ್ರೂ ಹೊರಗೆ ಹೋಗ್ಲಿ.

ಇನ್ನೊಬ್ಬರು:
ಮೇಲಿನವರು ಹೇಳಿದ್ದೆಲ್ಲಾ ಸರಿ, ಆದ್ರೆ ಗಾಳಿ ವಿಷಯ ಬಿಟ್ಟುಬಿಟ್ರಿ. ನನ್ನ ಮೀನು ಸತ್ತಿದ್ದು ರೋಗದಿಂದ ಅಲ್ಲ, ನನ್ನ ಅವಸರದಿಂದ. ರಾತ್ರಿ 24 ಇದ್ದಿದ್ದನ್ನ ಒಂದೇ ಸಲ 31ಕ್ಕೆ ತಿರುಗಿಸಿ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದ್ರೆ ಎಲ್ಲಾ ನೀರಿನ ಮೇಲ್ಗಡೆ ಬಾಯಿ ಬಿಟ್ಕೊಂಡು ಏದುಸಿರು, ಮೂರು ಆಗಲೇ ತೇಲ್ತಿದ್ವು. 25 ಡಿಗ್ರಿ ನೀರಲ್ಲಿ ಲೀಟರಿಗೆ ಹೆಚ್ಚೂಕಮ್ಮಿ 8.2 ಮಿಲಿಗ್ರಾಂ ಆಮ್ಲಜನಕ ಹಿಡಿಸುತ್ತೆ, 30ರಲ್ಲಿ 7.5. ನೋಡೋಕೆ ಸಣ್ಣ ವ್ಯತ್ಯಾಸ, ಆದ್ರೆ ಬಿಸಿ ಆದಷ್ಟೂ ಮೀನಿಗೆ ಬೇಕಾಗೋ ಗಾಳಿ ಜಾಸ್ತಿ ಆಗುತ್ತೆ, ಅದರ ಮೇಲೆ ಕಿವಿರಲ್ಲೂ ಈ ಹುಳ ಕೂತು ಹಾಳು ಮಾಡಿರುತ್ತೆ. ಹೀಟರ್ ಮುಟ್ಟೋಕೆ ಮುಂಚೆ ಏರ್ ಸ್ಟೋನ್ (ಪಂಪಿನ ಗಾಳಿನ ಗುಳ್ಳೆ ಮಾಡಿ ಬಿಡೋ ಕಲ್ಲು) ಹಾಕಿ. ಇಲ್ಲದಿದ್ರೆ ನೀರನ್ನ ಎರಡು ಮೂರು ಇಂಚು ಇಳಿಸಿ, ಫಿಲ್ಟರ್ ನೀರು ಮೇಲಿಂದ ಸದ್ದು ಮಾಡ್ಕೊಂಡು ಬೀಳೋ ಹಾಗೆ ಮಾಡಿ. ದಿನಕ್ಕೆ ಎರಡು ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ, ಬೆಳಿಗ್ಗೆ ಒಂದು ಸಂಜೆ ಒಂದು.

ಮತ್ತೊಬ್ಬರು:
ಗೋಲ್ಡ್ ಫಿಶ್ ಇದ್ದವ್ರು ಇದನ್ನ ಓದಿ ಹೀಟರ್ ಹಚ್ಚಬ್ಯಾಡ್ರಿ, ಅದು ತಣ್ಣನ ನೀರಿನ ಮೀನು. ನಾ ಉಪ್ಪು, ಔಷಧದಾಗ ವಾಸಿ ಮಾಡ್ಕೊಂಡೇನಿ. ಕೇಳಿದವ್ರ ಕಡೆ ಅದಿಲ್ಲ ಬಿಡ್ರಿ, ಆದ್ರೂ ಹೇಳ್ದೆ.

ಇನ್ನೊಂದು ಉತ್ತರ:
ಮೊದಲು ಅದು ವೈಟ್ ಸ್ಪಾಟೇ ಹೌದಾ ಅಂತ ಟಾರ್ಚ್ ಹಾಕಿ ನೋಡಿ ಪ್ಲೀಸ್. ಬಿಡಿ ಬಿಡಿ ಚುಕ್ಕಿ, ಎಣಿಸೋಕೆ ಆಗೋ ಹಾಗೆ ಇದ್ರೆ ಸರಿ. ಬಾಯಿ ಸುತ್ತ ಹತ್ತಿ ಅಂಟಿದ ಹಾಗೋ, ಬೆನ್ನ ಮೇಲೆ ಜೀನು ಹಾಕಿದ ಹಾಗೆ ಮಾಸಲು ಬಿಳಿ ಪಟ್ಟೆನೋ ಇದ್ರೆ ಅದು ಕಾಲಮ್ನಾರಿಸ್ ಇರಬಹುದು, ಅದು ಬ್ಯಾಕ್ಟೀರಿಯಾ, ಬಿಸಿ ನೀರು ಅಂದ್ರೆ ಅದಕ್ಕೆ ಹಬ್ಬ. ನಾನು ಗೊತ್ತಾಗ್ದೆ ಏರಿಸಿ ಎರಡೇ ದಿನದಲ್ಲಿ ಆರು ಮೊಲ್ಲಿ ಕಳ್ಕೊಂಡೆ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಚಿನ್ನದ ಪುಡಿ ಎರಚಿದ ಹಾಗೆ ಕಾಣೋದು ವೆಲ್ವೆಟ್ ಅನ್ನೋ ಇನ್ನೊಂದು ರೋಗ, ಅದರ ದಾರಿನೇ ಬೇರೆ. ಉಪ್ಪು ನೀರಿನ ಟ್ಯಾಂಕಲ್ಲಿ ಬರೋ ಬಿಳಿ ಚುಕ್ಕಿನೂ ಬೇರೆ ಜೀವಿ, ಬಿಸಿಗೆ ಅದು ಜಗ್ಗಲ್ಲ.

ಕೇಳಿದವರು:
ಟಾರ್ಚ್ ಹಾಕಿ ನೋಡ್ದೆ, ಬಿಡಿ ಚುಕ್ಕಿನೇ, ಒಂದು ಗೌರಾಮಿ ಬಾಲದಲ್ಲಿ ಹನ್ನೊಂದು ಎಣಿಸ್ದೆ. ನಿಯಾನ್ ಮತ್ತೆ ಕೋರಿಡೋರಾಸ್ 30 ತಡ್ಕೊಳ್ತಾವಾ? ಜೊತೆಗೆ ಉಪ್ಪೂ ಹಾಕ್ಲಾ?

ಮೊದಲು ಉತ್ತರಿಸಿದವರು:
ಗೌರಾಮಿಗೆ ಏನೂ ಆಗಲ್ಲ. ನಿಯಾನ್, ಕೋರಿ ಎರಡಕ್ಕೂ ಇಷ್ಟ ಆಗಲ್ಲ, ಆದ್ರೆ ಗಾಳಿ ಚೆನ್ನಾಗಿದ್ರೆ ನನ್ನವು ಎರಡು ವಾರ ತಳ್ಳಿದಾವೆ. ಕೋರಿ ಪದೇ ಪದೇ ಮೇಲಕ್ಕೆ ಓಡಿಬಂದು ಗಾಳಿ ನುಂಗ್ತಿದ್ರೆ ಅರ್ಧ ಡಿಗ್ರಿ ಇಳಿಸಿ ಇನ್ನೊಂದು ಏರ್ ಸ್ಟೋನ್ ಹಾಕಿ. ಉಪ್ಪು ನಿಮ್ಮ ಟ್ಯಾಂಕಿಗೆ ಬೇಡ ಅಂತ ನನ್ನ ಅಭಿಪ್ರಾಯ, ಕೋರಿಗೂ ಆಗಿಬರಲ್ಲ, ಗಿಡ, ಬಸವನಹುಳು ಕೂಡ ನರಳ್ತಾವೆ. ಊಟ ಅರ್ಧ ಮಾಡಿ. ಬಿಸಿ ನೀರಲ್ಲಿ ಅಮೋನಿಯಾ ಅಷ್ಟೇ ಇದ್ರೂ ವಿಷ ಜಾಸ್ತಿ.

ಬೇರೆಯವರು:
ನಂಗ್ಯಾಕೋ ಈ ಹೀಟರ್ ವೈದ್ಯದ ಮೇಲೆ ನಂಬಿಕೆ ಇಲ್ಲ. ಹತ್ತು ದಿನ 30ರಲ್ಲಿ ಇಟ್ಟೆ, ಹೊಸ ಚುಕ್ಕಿ ಬರ್ತಾನೇ ಇತ್ತು, ಕೊನೆಗೆ ಮಲಕೈಟ್ ಗ್ರೀನ್ ಇರೋ ಔಷಧಿನೇ ಗತಿ ಆಯ್ತು.

ಗಾಳಿ ವಿಷಯ ಹೇಳಿದವರು:
30 ಅಂತ ನೋಡಿದ್ದು ಹೀಟರ್ ತಿರುಗಣೆ ಮೇಲಾ, ಥರ್ಮಾಮೀಟರಲ್ಲಾ?

ಬೇರೆಯವರು:
ಹೀಟರಲ್ಲೇ… ಅದ್ರಲ್ಲೂ ಸುಳ್ಳು ತೋರಿಸುತ್ತಾ?

ಗಾಳಿ ವಿಷಯ ಹೇಳಿದವರು:
ಸಕತ್ತಾಗಿ ತೋರಿಸುತ್ತೆ. ನನ್ನದ್ರಲ್ಲಿ 30 ಅಂದ್ರೆ ನೀರು 28. 28ರಲ್ಲಿ ಇಟ್ರೆ ಹುಳಕ್ಕೆ ಬೇಗ ಬೇಗ ಮರಿ ಮಾಡ್ಕೋ ಅಂತ ನಾವೇ ಬೆಚ್ಚಗೆ ಮಾಡಿಕೊಟ್ಟ ಹಾಗೆ, ಅದು ಏನೂ ಮಾಡದೆ ಇರೋದಕ್ಕಿಂತ ಕೆಟ್ಟದ್ದು. ಬೇರೆ ಥರ್ಮಾಮೀಟರ್ ಒಂದು ಹೀಟರಿಂದ ದೂರದ ಮೂಲೆಯಲ್ಲಿ ಹಾಕಿ ನೋಡಬೇಕು. ಹಾಗಂತ ನಿಮ್ಮ ಮಾತನ್ನ ಪೂರ್ತಿ ತಳ್ಳಿಹಾಕಲ್ಲ, ಬಿಸಿ ತಡ್ಕೊಳ್ಳೋ ತಳಿಗಳೂ ಇದಾವೆ. ಥರ್ಮಾಮೀಟರಲ್ಲೇ 30 ಇದ್ದು ಒಂದು ವಾರ ಆದ್ಮೇಲೂ ಹೊಸ ಚುಕ್ಕಿ ಬಂದ್ರೆ ಹಟ ಮಾಡದೆ ಔಷಧಿಗೆ ಹೋಗೋದೇ ಸರಿ, ಫಿಲ್ಟರಲ್ಲಿ ಇದ್ದಿಲು ಇದ್ರೆ ತೆಗೆದು.

ಕೇಳಿದವರು (ಹನ್ನೆರಡು ದಿನ ಆದ್ಮೇಲೆ):
ಎಲ್ಲರಿಗೂ ಥ್ಯಾಂಕ್ಸ್. 30 ಮುಟ್ಟಿ ಇವತ್ತಿಗೆ ಒಂಬತ್ತು ದಿನ. ನನ್ನ ಹೀಟರೂ ಒಂದೂವರೆ ಡಿಗ್ರಿ ಸುಳ್ಳು ಹೇಳ್ತಿತ್ತು, 31ರ ಗೆರೆ ದಾಟಿಸಿ ಇಟ್ಟ ಮೇಲೆ ಥರ್ಮಾಮೀಟರಲ್ಲಿ 30 ಬಂತು. ಹೊಸದಾಗಿ ತಂದ ಟೆಟ್ರಾದಲ್ಲಿ ಒಂದು ಮೂರನೇ ದಿನ ಹೋಯ್ತು, ಉಳಿದವು ಇದಾವೆ, ಆರನೇ ದಿನದಿಂದ ಯಾರ ಮೈಮೇಲೂ ಚುಕ್ಕಿ ಇಲ್ಲ. ಇನ್ನೂ ಐದು ದಿನ ಕೈ ಹಚ್ಚಲ್ಲ. ನಿನ್ನೆ ನೀರು ಬದಲಾಯಿಸಿ ತಣ್ಣೀರು ಒಂದು ಬಕೆಟ್ ಸುರಿದೆ, ಸೀದಾ 27ಕ್ಕೆ ಇಳೀತು, ಮತ್ತೆ ಏರೋಕೆ ನಾಲ್ಕು ಗಂಟೆ ಹಿಡೀತು. ಪರವಾಗಿಲ್ವಾ?

ಮೊದಲು ಉತ್ತರಿಸಿದವರು:
ನಾಲ್ಕು ಗಂಟೆಗೆ ಏನಾಗಲ್ಲ, ಆದ್ರೆ ಮೀನಿಗೆ ಆ ಏಟು ಬೇಡ. ಬಕೆಟ್ ನೀರಿಗೆ ಸ್ವಲ್ಪ ಕಾಯಿಸಿದ ನೀರು ಬೆರೆಸಿ ಅದೇ ಥರ್ಮಾಮೀಟರ್ ಅದ್ದಿ ನೋಡಿ 30 ಬಂದ ಮೇಲೆ ಸುರೀರಿ. ಹಾಂ, ನೀರು ಎಳೆಯೋ ಮುಂಚೆ ಹೀಟರ್ ಸ್ವಿಚ್ ಆಫ್ ಮಾಡ್ತೀರಿ ತಾನೆ? ಗಾಜಿನ ಹೀಟರ್ ಬಿಸಿ ಇದ್ದಾಗ ನೀರಿಂದ ಹೊರಗೆ ಬಂದ್ರೆ ಫಟ್ ಅಂತ ಒಡೆಯುತ್ತೆ.

ಕೇಳಿದವರು:
…ಮಾಡಿರಲಿಲ್ಲ. ಈಗ್ಲೇ ಸ್ವಿಚ್ ಪಕ್ಕ ಚೀಟಿ ಅಂಟಿಸ್ತೀನಿ.